ಕಾಗದಪತ್ರ ಸರಿಯಿದ್ದವರಿಗೂ ಕೋವಿಯ ತೋಟೆ ಕೊಡುವುದಿಲ್ಲ ಅನ್ನಬಹುದಾ? ಡಿಕ್ಸ್, ವಾಲ್‌ಮಾರ್ಟ್ ಎಂಬ ಅಮೆರಿಕದ ದೊಡ್ಡ ಅಂಗಡಿಗಳು ಮಾಡಿದ್ದು ಕೊಡಗಿನ ಗೋಣಿಕೊಪ್ಪದ ಅಂಗಡಿಗೆ ಹೊಂದುತ್ತದಾ?

ಗೋಣಿಕೊಪ್ಪ_ಅಂಗಡಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬೆಳೆಗಾರರು, ಸೈನ್ಯದಿಂದ ನಿವೃತ್ತರಾದವರು, ಹೊರದೇಶದಲ್ಲಿರುವ ನಮ್ಮೂರ ಮಕ್ಕಳು ಎಲ್ಲರೂ ಇಲ್ಲಿದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಗೋಣಿಕೊಪ್ಪದಲ್ಲಿ ಕಾಫಿ ತೋಟಕ್ಕೆ ಬೇಕಾದ ಸಾಮಾನಿನ ಅಂಗಡಿ. ಮೈಲುತುತ್ತ, ಸುಣ್ಣ, ಗೊಬ್ಬರ, ಸ್ಪ್ರೇಯರ್, ಗೋಣಿಚೀಲ, ಕತ್ತಿ, ಕರಿಮೆಣಸು ಕುಯ್ಯುವ ಏಣಿ. ಹಿಂದಿನ ಕೋಣೆಗೆ ಕಬ್ಬಿಣದ ಬಾಗಿಲಿದೆ, ಅದರ ಬೀಗವೇ ಬೇರೆ. ಅಲ್ಲಿ ಅಪ್ಪನ ಹೆಸರಿನ ಲೈಸೆನ್ಸಿನಲ್ಲಿ ಕೋವಿಯ ತೋಟೆ ಮಾರುತ್ತೇವೆ. ಹೆಚ್ಚಾಗಿ ಹನ್ನೆರಡು ಬೋರಿನವು, ಖಡ್ಕಿ ಕಾರ್ಖಾನೆಯ ಶಕ್ತಿಮಾನ್. ಕೋವಿ ಮಾರುವುದನ್ನು ಅಪ್ಪ ನನ್ನ ಬಾಲ್ಯದಲ್ಲೇ ಬಿಟ್ಟರು. ಯಾರಾದರೂ ಅಜ್ಜನ ಕಾಲದ ವೆಬ್ಲಿ ಸ್ಕಾಟ್ ಕೋವಿ ತಂದು ಅದರ ಕುದುರೆ (ಟ್ರಿಗರ್) ಸಡಿಲವಾಗಿದೆ ಎಂದರೆ ಮೈಸೂರಿಗೆ ದಾರಿ ತೋರಿಸುತ್ತೇವೆ, ಅಷ್ಟೇ.

ಅಪ್ಪನಿಗೆ ಈಗ ಮಂಡಿನೋವು, ಕಣ್ಣೂ ಮಂಜು. ಲೈಸೆನ್ಸ್ ನನ್ನ ಹೆಸರಿಗೆ ಆಗಬೇಕಾದರೆ ನಾನು ಹೊಸದಾಗಿ ಅರ್ಜಿ ಹಾಕಬೇಕು. ಅರ್ಜಿ ತುಂಬಿಸಿ ಇಟ್ಟಿದ್ದೇನೆ. ಸಹಿ ಹಾಕುವ ಮೊದಲು ಒಂದು ವಿಷಯ ನನ್ನೊಳಗೆ ಇತ್ಯರ್ಥವಾಗಬೇಕಿದೆ.

ಅಮೆರಿಕದಲ್ಲಿ ಡಿಕ್ಸ್ ಸ್ಪೋರ್ಟಿಂಗ್ ಗೂಡ್ಸ್ ಅಂತ ಆಟದ ಸಾಮಾನಿನ ದೊಡ್ಡ ಅಂಗಡಿಗಳ ಸಾಲು ಇದೆ. ಬ್ಯಾಟು, ಚೆಂಡು, ಗಾಳ, ಟೆಂಟು, ಅದರ ಜೊತೆಗೆ ಬಂದೂಕು. 2018ರ ಫೆಬ್ರವರಿ 14ರಂದು ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ ಒಬ್ಬ ಹುಡುಗ 17 ಜನರನ್ನು ಕೊಂದ. ಡಿಕ್ಸ್‌ನವರು ತಮ್ಮ ಲೆಕ್ಕಪುಸ್ತಕ ತೆಗೆದು ನೋಡಿದಾಗ ಅವನ ಹೆಸರು ಸಿಕ್ಕಿತು. ಅದಕ್ಕೆ ಮೂರು ತಿಂಗಳ ಹಿಂದೆ, 2017ರ ನವೆಂಬರ್‌ನಲ್ಲಿ, ಅವರದೇ ಒಂದು ಅಂಗಡಿಯಿಂದ ಅವನು ಶಾಟ್‌ಗನ್ ಕೊಂಡಿದ್ದ. ಕೊಲೆಗೆ ಬಳಸಿದ್ದು ಅದಲ್ಲ, ಬೇರೆ ಕಡೆ ಕೊಂಡ ಬಂದೂಕು. ಆದರೆ ಮಾಲೀಕ ಎಡ್ ಸ್ಟ್ಯಾಕ್‌ಗೆ ನಿದ್ದೆ ಕೆಡಿಸಿದ್ದು ಇನ್ನೊಂದು ಸಂಗತಿ: ಆ ಮಾರಾಟದಲ್ಲಿ ಒಂದು ನಿಯಮವನ್ನೂ ಮುರಿದಿರಲಿಲ್ಲ. ಫಾರಂ ಸರಿ, ತಪಾಸಣೆ ಸರಿ, ರಸೀದಿ ಸರಿ. ಎಲ್ಲ ಸರಿಯಾಗಿದ್ದೂ ಕೋವಿ ಹೋಗಬಾರದವನ ಕೈಗೆ ಹೋಯಿತು.

ಅದೇ ತಿಂಗಳ 28ಕ್ಕೆ ಅವರು ತೀರ್ಮಾನ ಪ್ರಕಟಿಸಿದರು. ಸೈನ್ಯದ ಮಾದರಿಯ ರೈಫಲ್ ಇನ್ನು ಯಾವ ಅಂಗಡಿಯಲ್ಲೂ ಇಲ್ಲ. 21 ವರ್ಷ ತುಂಬದವರಿಗೆ ಯಾವ ಕೋವಿಯೂ ಇಲ್ಲ. ಉಳಿದಿದ್ದ ರೈಫಲ್‌ಗಳನ್ನು ಕಂಪನಿಗೆ ವಾಪಸ್ ಕೊಟ್ಟು ದುಡ್ಡು ಮಾಡಿಕೊಳ್ಳಲಿಲ್ಲ. ಸುಮಾರು 50 ಲಕ್ಷ ಡಾಲರ್ ಬೆಲೆಯ ಮಾಲನ್ನು ಮುರಿದು ಗುಜರಿ ಮಾಡಿಸಿದರು. ಇದನ್ನು ಓದಿದ ಮೇಲೆ ನಾನು ಅಪ್ಪನ ಹಳೇ ರಿಜಿಸ್ಟರ್‌ಗಳನ್ನು ಕೆಳಗಿಳಿಸಿ ಕೂತೆ. ಒಂದೊಂದು ಹೆಸರಿಗೂ ಒಂದೊಂದು ಮನೆ ಕಣ್ಣಮುಂದೆ ಬಂತು.

ಈಗ ನನ್ನ ಕಷ್ಟ ಹೇಳುತ್ತೇನೆ. ಹೋದ ಮಳೆಗಾಲದಲ್ಲಿ ಒಬ್ಬರು ಬಂದರು. ಊರು ಬೇಡ. ನಮಗೆ ದೂರದ ಸಂಬಂಧ, ನಾನು ಅಣ್ಣ ಎಂದೇ ಕರೆಯುವುದು. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ನಮ್ಮ ಕೊಡಗಿನವರಿಗೆ ಸಿಗುವ ವಿನಾಯಿತಿ ಪತ್ರ ಕೈಯಲ್ಲಿತ್ತು, ಅದರಲ್ಲಿ ಒಂದು ಚುಕ್ಕೆಯೂ ತಪ್ಪಿಲ್ಲ. ಆದರೆ ಅವರ ಮನೆಯಲ್ಲಿ ಗದ್ದೆ ಪಾಲಿನ ಜಗಳ ಕೋರ್ಟಿಗೆ ಹೋಗಿದೆ, ತಮ್ಮನ ಜೊತೆ ಮಾತಿಲ್ಲ, ಮಧ್ಯಾಹ್ನ ಹನ್ನೆರಡಕ್ಕೇ ಬಾಯಿ ವಾಸನೆ ಬರುತ್ತಿತ್ತು. ಅಪ್ಪ ಕುರ್ಚಿಯಿಂದ ಏಳಲಿಲ್ಲ. "ಮಾಲು ಬಂದಿಲ್ಲ ಮಗಾ, ಮುಂದಿನ ವಾರ ನೋಡು" ಅಂದರು. ಹಿಂದಿನ ಕೋಣೆಯಲ್ಲಿ ಪೆಟ್ಟಿಗೆ ತುಂಬಾ ಮಾಲಿತ್ತು.

ಅಪ್ಪ ಮಾಡಿದ್ದು ಸರಿ ಎಂದೇ ನನ್ನ ನಂಬಿಕೆ. ಆದರೆ ಆ ವಿದ್ಯೆ ನನಗೆ ಬರುವುದಿಲ್ಲ. ಅಪ್ಪನ ವಯಸ್ಸಿಗೆ, ಮಾತಿಗೆ ಊರಲ್ಲಿ ಮರ್ಯಾದೆ ಇದೆ. ಅವರು ಇಲ್ಲ ಅಂದರೆ ಯಾರೂ ಒಳಗೆ ಇಣುಕುವುದಿಲ್ಲ. ನಾನು ಹೇಳಿದರೆ, "ಪಕ್ಕದ ಮನೆಯವನಿಗೆ ನಿನ್ನೆ ಕೊಟ್ಟಿದ್ದೀಯಲ್ಲ, ನನಗೆ ಯಾಕಿಲ್ಲ?" ಎಂದು ಕೇಳುತ್ತಾರೆ. ಕೇಳಬೇಕಾದದ್ದೇ. ಡಿಕ್ಸ್‌ಗೆ ಇದು ಸುಲಭ. ನೂರಾರು ಅಂಗಡಿಗೆ ಒಂದೇ ಆದೇಶ, ಕೌಂಟರಿನ ಹುಡುಗ "ಕಂಪನಿ ನಿಯಮ" ಅಂದರೆ ಮುಗಿಯಿತು. ನಾನು ಇಲ್ಲ ಅಂದವರ ಮನೆಯ ಮದುವೆಗೆ ಮುಂದಿನ ಭಾನುವಾರ ಹೋಗಿ ಊಟಕ್ಕೆ ಕೂರಬೇಕು.

ನಾನು ಕೋವಿಯ ವಿರೋಧಿ ಅಲ್ಲ. ನಮ್ಮದೂ ಜಮ್ಮಾ ಮನೆತನ, ಅಂದರೆ ಕೊಡಗಿನ ವಂಶಪಾರಂಪರ್ಯ ಹಿಡುವಳಿಯ ಮನೆ. ಕೈಲ್‌ಪೊಳ್ದ್ ಎಂಬ ನಮ್ಮ ಆಯುಧಪೂಜೆಯ ಹಬ್ಬದ ದಿನ ತೋಕ್ ಪೂ (ಕೋವಿ ಹೂವು) ಕಟ್ಟಿದ ಕೋವಿಗೆ ನಾನೂ ಕೈ ಮುಗಿಯುತ್ತೇನೆ.

ಹಾಗಾಗಿ ನನ್ನ ಪ್ರಶ್ನೆ ಇಷ್ಟು. ಕಾನೂನು ಕೇಳಿದ್ದೆಲ್ಲ ಇದ್ದರೂ ಮಾರುವವನು ಬೇಡ ಅನ್ನಬಹುದಾ? ಅನ್ನಬಹುದಾದರೆ, ಯಾರನ್ನೂ ಅವಮಾನ ಮಾಡದೆ, ಸುಳ್ಳೂ ಹೇಳದೆ, ಎಲ್ಲರಿಗೂ ಒಂದೇ ಆಗುವ ಹಾಗೆ ನಿಯಮ ಹೇಗೆ ಮಾಡುವುದು? ಇಲ್ಲವಾದರೆ ಈ ಬಾಗಿಲನ್ನೇ ಮುಚ್ಚಿಬಿಡಲಾ?

---

ಪಿಟ್ಸ್‌ಬರ್ಗ್_ನಾಪೋಕ್ಲು ಉತ್ತರಿಸಿದ್ದು:

ಅಣ್ಣಾ, ನಮಸ್ಕಾರ. ತವರು ನಾಪೋಕ್ಲು, ಈಗ ಇರುವುದು ಪಿಟ್ಸ್‌ಬರ್ಗ್. ಡಿಕ್ಸ್‌ನ ಮುಖ್ಯ ಕಚೇರಿ ಇಲ್ಲೇ ಊರ ಹೊರಗಿದೆ, ಮಗನ ಶೂ ಕೊಳ್ಳುವುದೂ ಅದೇ ಅಂಗಡಿಯಲ್ಲಿ. ನೀವು ಓದಿದ್ದಕ್ಕೆ ಮುಂದಿನದನ್ನು ಸೇರಿಸುತ್ತೇನೆ, ಏಕೆಂದರೆ ಆಮೇಲೆ ಏನಾಯಿತು ಎನ್ನುವುದು ನಿಮಗೆ ಬೇಕಾಗುತ್ತದೆ.

ಅವರಿಗೆ ನಷ್ಟ ಆಯಿತು. ಸುಮಾರು 25 ಕೋಟಿ ಡಾಲರ್ ವ್ಯಾಪಾರ ಹೋಯಿತೆಂದು ಸ್ಟ್ಯಾಕ್ ಅವರೇ ಆಮೇಲೆ ಲೆಕ್ಕ ಹೇಳಿದರು. ಕೆಲವು ನೌಕರರು ಕೆಲಸ ಬಿಟ್ಟರು. ಮಾಸ್‌ಬರ್ಗ್, ಸ್ಪ್ರಿಂಗ್‌ಫೀಲ್ಡ್ ಆರ್ಮರಿ ತರಹದ ಕೋವಿ ತಯಾರಿಸುವ ಕಂಪನಿಗಳು ಇನ್ನು ನಿಮಗೆ ಮಾಲು ಕೊಡುವುದಿಲ್ಲ ಎಂದವು. ಒರೆಗಾನ್ ರಾಜ್ಯದಲ್ಲಿ 20 ವರ್ಷದ ಒಬ್ಬ ಯುವಕ ಡಿಕ್ಸ್ ಮೇಲೂ ವಾಲ್‌ಮಾರ್ಟ್ ಮೇಲೂ ಕೇಸು ಹಾಕಿದ: ಕಾನೂನು 18ಕ್ಕೆ ಕೊಡು ಅನ್ನುವಾಗ ನೀವು 21 ಅನ್ನುವುದು ವಯಸ್ಸಿನ ತಾರತಮ್ಯ ಎಂದು. ಇಷ್ಟಾದರೂ ಅವರು ಹಿಂದೆ ಸರಿಯಲಿಲ್ಲ. 2018ರ ಕೊನೆಗೆ ಹತ್ತು ಅಂಗಡಿಗಳಿಂದ ಬೇಟೆಯ ಸಾಮಾನನ್ನೇ ತೆಗೆದು, ಆ ಜಾಗದಲ್ಲಿ ಆಯಾ ಊರಿಗೆ ಹೋಗುವ ಬೇರೆ ಮಾಲು ಇಟ್ಟು ನೋಡಿದರು. ಅಲ್ಲಿ ವ್ಯಾಪಾರ ಸುಧಾರಿಸಿತು. 2019ರಲ್ಲಿ ಇನ್ನೂ 125 ಅಂಗಡಿ, 2020ರಲ್ಲಿ ಮತ್ತೆ 440 ಅಂಗಡಿಗಳಲ್ಲಿ ಅದನ್ನೇ ಮಾಡುವುದಾಗಿ ಹೇಳಿದರು.

ವಾಲ್‌ಮಾರ್ಟ್‌ನದು ಬೇರೆ ದಾರಿ, ನಿಧಾನದ್ದು. ಅಲಾಸ್ಕ ಬಿಟ್ಟು ಬೇರೆಡೆ ಕೈಬಂದೂಕು ಮಾರುವುದನ್ನು ಅವರು 1993ರಲ್ಲೇ ನಿಲ್ಲಿಸಿದ್ದರು. ಸೈನ್ಯದ ಮಾದರಿಯ ರೈಫಲ್ 2015ರಲ್ಲಿ ಹೋಯಿತು. 2019ರ ಆಗಸ್ಟ್ 3ರಂದು ಎಲ್ ಪಾಸೊ ಊರಿನ ಅವರ ಅಂಗಡಿಯಲ್ಲೇ ಗುಂಡು ಹಾರಿತು. ಒಟ್ಟು 23 ಜನ ಸತ್ತರು; ಶಾಲೆ ಶುರುವಾಗುವ ಕಾಲ, ಚೀಲ ಪುಸ್ತಕ ಕೊಳ್ಳಲು ಮಕ್ಕಳ ಜೊತೆ ಬಂದಿದ್ದವರೂ ಇದ್ದರು. ಸರಿಯಾಗಿ ಒಂದು ತಿಂಗಳಿಗೆ, ಸೆಪ್ಟೆಂಬರ್ 3ಕ್ಕೆ, ಕೈಬಂದೂಕಿನ ಗುಂಡು ಮತ್ತು ಆ ರೈಫಲ್‌ಗಳಿಗೆ ಹೋಗುವ .223, 5.56 ಗುಂಡುಗಳನ್ನು ಇರುವ ಮಾಲು ಮುಗಿದ ಮೇಲೆ ತರಿಸುವುದಿಲ್ಲ ಎಂದರು. ದಿನಾಂಕ ನನಗೆ ಮರೆಯುವುದಿಲ್ಲ. ಅವತ್ತು ಕೈಲ್‌ಪೊಳ್ದ್, ಮನೆಯಿಂದ ಕಡಂಬುಟ್ಟು, ಕೋವಿಪೂಜೆಯ ಫೋಟೋ ಬರುತ್ತಿದ್ದವು, ಇಲ್ಲಿ ಟಿವಿಯಲ್ಲಿ ಈ ಸುದ್ದಿ.

ಇದರಲ್ಲಿ ನಿಮಗೆ ಉಪಯೋಗಕ್ಕೆ ಬರುವ ಒಂದು ಸಂಗತಿ ಇದೆ. ಅವರು ಗುಂಡಿನ ಮಾರಾಟವನ್ನೂ ಕಡಿಮೆ ಮಾಡಿದರು. ಅಮೆರಿಕದಲ್ಲಿ ಮಾರಾಟವಾಗುವ ಗುಂಡುಗಳಲ್ಲಿ ತಮ್ಮ ಪಾಲು ಸುಮಾರು ಶೇಕಡ 20 ಇದ್ದದ್ದು 6ರಿಂದ 9ಕ್ಕೆ ಇಳಿಯಬಹುದು ಎಂದು ಅವರೇ ಅಂದಾಜು ಹೇಳಿದ್ದರು. ಜಿಂಕೆ ಬೇಟೆಯ ರೈಫಲ್, ಶಾಟ್‌ಗನ್, ಅವುಗಳ ತೋಟೆ ಉಳಿಸಿಕೊಂಡರು. ಯಾರಿಗೆ ಮಾರಬೇಕು, ಯಾರಿಗೆ ಬೇಡ ಎಂದು ಮುಖ ನೋಡಿ ಹೇಳಲಾಗದ ಕಡೆ, ಯಾವ ಮಾಲು ಇಡಬೇಕು ಎನ್ನುವುದರಲ್ಲೇ ಅದನ್ನು ಹೇಳಿದರು.

ಇನ್ನೊಂದು. ಇಲ್ಲಿ ಕೋವಿ ಕೊಳ್ಳುವಾಗ ಫಾರಂ ತುಂಬಿಸಬೇಕು, ಎಫ್‌ಬಿಐ ಕಡೆಯಿಂದ ಹಿನ್ನೆಲೆ ತಪಾಸಣೆ ಆಗಬೇಕು. ಬಹಳ ಸಲ ನಿಮಿಷಗಳಲ್ಲಿ ಉತ್ತರ ಬರುತ್ತದೆ. ಕೊಳ್ಳುವವರಿಗೆ 21 ತುಂಬಿದ್ದು, ಮೂರು ಕೆಲಸದ ದಿನ ಕಳೆದರೂ ಉತ್ತರ ಬರದಿದ್ದರೆ, ಕೇಂದ್ರ ಕಾನೂನಿನ ಪ್ರಕಾರ ಅಂಗಡಿಯವನು ಮಾರಬಹುದು. ವಾಲ್‌ಮಾರ್ಟ್ ಮಾತ್ರ ಹಸಿರು ನಿಶಾನೆ ಬರುವವರೆಗೆ ಕೊಡುವುದಿಲ್ಲ ಎಂದು ವರ್ಷಗಳಿಂದ ಇಟ್ಟುಕೊಂಡಿದೆ. ಅಂದರೆ ಕಾನೂನು ಕೊಡಬಹುದು ಎಂದ ಕಡೆಯೂ ಮಾರುವವರು ಕಾಯುತ್ತಾರೆ. ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಇದೇ: ಅನ್ನಬಹುದು, ಅಂದವರಿದ್ದಾರೆ.

2018ರ ಅಕ್ಟೋಬರ್‌ನಲ್ಲಿ ಇಲ್ಲೇ ನಮ್ಮೂರ ಯಹೂದಿ ಮಂದಿರದಲ್ಲಿ ಪ್ರಾರ್ಥನೆಗೆ ಬಂದ 11 ಜನರನ್ನು ಕೊಂದರು. ಅದಾದ ಮೇಲೆ ನಾನು ಅಂಗಡಿಗಳ ಈ ತೀರ್ಮಾನಗಳನ್ನು ಬರೀ ವ್ಯಾಪಾರದ ಸುದ್ದಿಯಾಗಿ ಓದಲಾರೆ. ಬಾಗಿಲು ಮುಚ್ಚಬೇಡಿ ಅಣ್ಣಾ. ನಿಮ್ಮಂತೆ ಯೋಚಿಸುವವರು ಆ ಬೀಗದ ಕೈ ಇಟ್ಟುಕೊಳ್ಳುವುದೇ ಒಳ್ಳೆಯದು.

---

ಸುಬೇದಾರ್_ಮೂರ್ನಾಡು ಉತ್ತರಿಸಿದ್ದು:

ನಾನು ಒಪ್ಪುವುದಿಲ್ಲ, ಕಾರಣ ಹೇಳುತ್ತೇನೆ.

ಅಮೆರಿಕದ ಅಂಗಡಿಯಲ್ಲಿ ಕೋವಿ ಚೆಂಡಿನ ಪಕ್ಕ ಕೂರುತ್ತದೆ, ದಾರಿಯಲ್ಲಿ ಹೋಗುವವನು ತೆಗೆದುಕೊಂಡು ಹೋಗುತ್ತಾನೆ. ನಮ್ಮಲ್ಲಿ ಕೋವಿ ಒಂದು ಮನೆಯದು, ಒಂದು ಹೆಸರಿನದು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯವರು ತೀರಿಕೊಂಡರೆ ಎರಡು ಗುಂಡು. ಪುತ್ತರಿ ಸುಗ್ಗಿ ಹಬ್ಬಕ್ಕೆ ಕದಿರು ತೆಗೆಯುವಾಗ ಗುಂಡಿನ ಶಬ್ದ ಕೇಳಿಯೇ ಪಕ್ಕದ ಗದ್ದೆಯವರಿಗೆ ಗೊತ್ತಾಗುವುದು. ನನ್ನ ತಂದೆಯ ಸಾವಿನ ಸುದ್ದಿ ಬೆಟ್ಟದಾಚೆಗೆ ತಲುಪಿಸಿದ್ದು ಫೋನಲ್ಲ. ರಾತ್ರಿ ಹನ್ನೊಂದಕ್ಕೆ ಒಂದು ಮನೆಯಲ್ಲಿ ಸಾವಾದರೆ ಅವರು ನಿಮ್ಮ ಬಾಗಿಲು ತಟ್ಟುತ್ತಾರೆ. ಆಗ ನಿಯಮದ ಬೋರ್ಡು ತೋರಿಸುತ್ತೀರಾ?

ಎರಡನೆಯದು. ನೀವು ಕೊಡದಿದ್ದರೆ ಎಲ್ಲರೂ ಸುಮ್ಮನೆ ಮನೆಗೆ ಹೋಗುವುದಿಲ್ಲ. ಕಾಗದ ಇರುವವನು ಮೈಸೂರಿಗೆ ಹೋಗುತ್ತಾನೆ. ಕೈಯಲ್ಲಿ ಕಾಸಿಲ್ಲದವನು ಕಳ್ಳತನದಲ್ಲಿ ಮಾಡಿದ ನಾಡಕೋವಿ, ಮಸಿಮದ್ದು, ಚರೆ ಹುಡುಕುತ್ತಾನೆ. ಅದಕ್ಕೆ ರಿಜಿಸ್ಟರೂ ಇಲ್ಲ, ನಂಬರೂ ಇಲ್ಲ. ಅಮೆರಿಕದಲ್ಲೂ ಅಷ್ಟೇ ಅಲ್ಲವಾ? ಡಿಕ್ಸ್ ಬಿಟ್ಟ ಮಾಲನ್ನು ಮಾರಲು ಹತ್ತಾರು ಸಾವಿರ ಲೈಸೆನ್ಸುದಾರ ಅಂಗಡಿಗಳಿವೆ. ಪಿಟ್ಸ್‌ಬರ್ಗ್‌ನ ತಂಗಿ ಬರೆದದ್ದು ಒಳ್ಳೆಯ ಮಾಹಿತಿ, ಆದರೆ ಆ ಪ್ರಶ್ನೆಯನ್ನು ಅವರು ಮುಟ್ಟಲಿಲ್ಲ.

ಆನೆ ಬರುವ ಊರಿನ ಕಷ್ಟ ಬೇರೆ. ತಿತಿಮತಿ, ಸಿದ್ದಾಪುರದ ಕಡೆ ತೋಟದೊಳಗೆ ಆನೆ ನಿಂತರೆ ಕೆಲಸದವರು ಹೊರಗೆ ಬರಲಾರರು. ಆನೆಗೆ ಗುಂಡು ಹೊಡೆಯುವ ಮಾತೇ ಇಲ್ಲ, ಅದು ಅಪರಾಧ, ಪಾಪ ಕೂಡ. ಆಕಾಶಕ್ಕೆ ಒಂದು ಗುಂಡು, ಅದರ ಶಬ್ದ, ಅಷ್ಟೇ ಬೇಕಾಗಿರುವುದು. ಚುನಾವಣೆ ಬಂದಾಗಲೆಲ್ಲ ಕೋವಿ ಠಾಣೆಗೆ ಒಪ್ಪಿಸಿ ಎಂದರೆ ಬೆಳೆಗಾರರು ವಿನಾಯಿತಿ ಕೇಳುವುದು ಇದಕ್ಕೇ.

ಆದರೆ ನಿಮ್ಮ ತಂದೆಯವರು ಆ ದಿನ ಮಾಡಿದ್ದು ಸೈನಿಕನ ಕೆಲಸ. ನಮ್ಮ ಪಲ್ಟನ್ನಿನಲ್ಲಿ ಫೈರಿಂಗ್ ರೇಂಜಿನಿಂದ ಹೊರಗೆ ಬರುವಾಗ ಖಾಲಿ ಕೇಸು ಎಣಿಸಿ ಒಪ್ಪಿಸಬೇಕಿತ್ತು. ಒಂದು ಕಡಿಮೆಯಾದರೆ ಸಿಗುವವರೆಗೂ ಹುಲ್ಲಿನಲ್ಲಿ ಹುಡುಕಾಟ. ನಿಮಗೆ ನಿಯಮ ಬೇಕೇ ಬೇಕಾದರೆ ಇದನ್ನು ಮಾಡಿ: ಖಾಲಿ ತೋಟೆ ತಂದವರಿಗೆ ಅಷ್ಟೇ ಹೊಸದು. ಅದರಲ್ಲಿ ಯಾರಿಗೂ ಅವಮಾನವಿಲ್ಲ. ಯಾರ ಮನೆಯಲ್ಲಿ ತೋಟೆ ಬೇಡದಷ್ಟು ಕೂಡುತ್ತಿದೆ ಎನ್ನುವುದೂ ನಿಮಗೆ ಗೊತ್ತಾಗುತ್ತದೆ.

---

ವಿರಾಜಪೇಟೆ_ವಕೀಲೆ ಉತ್ತರಿಸಿದ್ದು:

ಕಾನೂನಿನ ಭಾಗ ಮಾತ್ರ ಹೇಳುತ್ತೇನೆ.

ಕೊಡಗಿನ ವಿನಾಯಿತಿ 1861ರಿಂದ ಬಂದದ್ದು. ಈಗಿನದು 1959ರ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಸೆಕ್ಷನ್ ಅಡಿ ಕೇಂದ್ರ ಸರ್ಕಾರ ಕೊಟ್ಟದ್ದು. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಅನ್ವಯ. 2019ರ ಅಕ್ಟೋಬರ್‌ನಲ್ಲಿ ಅದನ್ನು 2029ರವರೆಗೆ ವಿಸ್ತರಿಸಿದರು. ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ವಜಾ ಮಾಡಿತು.

ಬಹಳ ಜನ ತಪ್ಪು ತಿಳಿಯುವುದು ಇಲ್ಲಿ: ವಿನಾಯಿತಿ ಇರುವುದು 3 ಮತ್ತು 4ನೇ ಸೆಕ್ಷನ್‌ಗಳಿಂದ, ಅಂದರೆ ಲೈಸೆನ್ಸ್ ಪಡೆಯುವ ಅಗತ್ಯದಿಂದ. ಇಡೀ ಕಾಯ್ದೆಯಿಂದ ಅಲ್ಲ. 9ನೇ ಸೆಕ್ಷನ್ ಎಲ್ಲರಿಗೂ ಇದೆ. 21 ವರ್ಷ ತುಂಬದವರು ಕೋವಿ, ಮದ್ದುಗುಂಡು ಪಡೆಯುವಂತಿಲ್ಲ. ಅಮೆರಿಕದ ಅಂಗಡಿಗಳು 2018ರಲ್ಲಿ ತಾವಾಗಿ ಹಾಕಿಕೊಂಡ ವಯಸ್ಸು ನಮ್ಮ ಕಾಯ್ದೆಯಲ್ಲಿ ಮೊದಲೇ ಇದೆ. ಮಾನಸಿಕ ಸ್ವಾಸ್ಥ್ಯ ಇಲ್ಲದವರು ಎಂದು ಗೊತ್ತಿದ್ದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ, ಮಾರಿದರೆ ತಪ್ಪು ಮಾರಿದವರದು. 2019ರ ತಿದ್ದುಪಡಿ ಆದಮೇಲೆ, ಸಂಭ್ರಮಕ್ಕೆಂದು ಬೇಜವಾಬ್ದಾರಿಯಿಂದ ಗುಂಡು ಹಾರಿಸಿ ಬೇರೆಯವರಿಗೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ನಿಮ್ಮ ಲೈಸೆನ್ಸ್ ಮಾರಲು ಅನುಮತಿ. ಕೇಳಿದವರಿಗೆಲ್ಲ ಮಾರಲೇಬೇಕೆಂಬ ಆಜ್ಞೆ ಅಲ್ಲ. ಆದರೆ ನಿಯಮ ಮಾಡುವಾಗ ಜಾತಿ, ಊರು, ಪಕ್ಷ ನೋಡಿ ಮಾಡಿದ್ದು ಎಂದು ಯಾರೂ ಬೆರಳು ತೋರಿಸುವಂತೆ ಇರಬಾರದು. ಬರೆದು ತೂಗುಹಾಕಿ, ಎಲ್ಲರಿಗೂ ಒಂದೇ ಇಡಿ. ಯಾರ ಬಗ್ಗೆಯೂ ಕಾರಣವನ್ನು ನಾಲ್ಕು ಜನರ ಮುಂದೆ ಹೇಳಬೇಡಿ. ಕೊಲ್ಲುತ್ತೇನೆ ಎಂಬ ಮಾತು ನಿಮ್ಮ ಕಿವಿಗೇ ಬಿದ್ದರೆ ತೋಟೆ ನಿರಾಕರಿಸಿ ಸುಮ್ಮನಾಗಬೇಡಿ, ಠಾಣೆಗೆ ತಿಳಿಸಿ.

---

ಸಿಸ್ಟರ್_ಸುಂಟಿಕೊಪ್ಪ ಉತ್ತರಿಸಿದ್ದು:

ನಾನು ಆಸ್ಪತ್ರೆಯ ಕೆಲಸದವಳು. ನೀವೆಲ್ಲ ಕೊಲೆಯ ಬಗ್ಗೆ ಮಾತಾಡುತ್ತಿದ್ದೀರಿ. ಅಮೆರಿಕದಲ್ಲಿ 2021ರಲ್ಲಿ ಕೋವಿಯಿಂದ ಸತ್ತವರು 48,830 ಜನ. ಅದರಲ್ಲಿ 26,328 ಜನ ತಮ್ಮ ಮೇಲೆ ತಾವೇ ಗುಂಡು ಹಾರಿಸಿಕೊಂಡವರು. ಅರ್ಧಕ್ಕಿಂತ ಹೆಚ್ಚು. ಟಿವಿಯಲ್ಲಿ ಅವರ ಹೆಸರು ಬರುವುದಿಲ್ಲ, ಆ ಸಾವಿಗಾಗಿ ದೊಡ್ಡ ಅಂಗಡಿಗಳು ನಿಯಮ ಬದಲಿಸಿದ್ದನ್ನು ನಾನು ಕೇಳಿಲ್ಲ.

ಅಣ್ಣ, ನಿಮ್ಮ ಅಂಗಡಿಗೆ ಬಂದವರ ಮುಖದಲ್ಲಿ ತಮ್ಮನ ಮೇಲಿನ ಸಿಟ್ಟನ್ನು ನೀವು ಕಂಡಿರಿ. ನಾನಾಗಿದ್ದರೆ ಬೇರೆಯದನ್ನೂ ಹುಡುಕುತ್ತಿದ್ದೆ. ಬೆಲೆ ಬಿದ್ದು, ಬ್ಯಾಂಕಿನ ನೋಟಿಸು ಬಂದು, ಹೆಂಡತಿ ತವರಿಗೆ ಹೋಗಿ, ಮಧ್ಯಾಹ್ನ ಹನ್ನೆರಡಕ್ಕೆ ಕುಡಿದು ಕೂತ ಗಂಡಸು ಮೊದಲು ಕೊಲ್ಲುವುದು ತನ್ನನ್ನು. ಆ ಗಳಿಗೆ ಬಹಳ ಹೊತ್ತು ಇರುವುದಿಲ್ಲ. ರಾತ್ರಿ ದಾಟಿದರೆ, ಯಾರಾದರೂ ಪಕ್ಕದಲ್ಲಿ ಕೂತರೆ, ಬಹಳ ಜನ ಬದುಕುತ್ತಾರೆ. ನಾನು ಕಣ್ಣಾರೆ ನೋಡಿದ್ದೇನೆ. ಕೈಗೆ ಏನು ಸಿಕ್ಕಿತು ಎನ್ನುವುದೇ ಅವತ್ತು ಎಲ್ಲವನ್ನೂ ತೀರ್ಮಾನಿಸುತ್ತದೆ. ಅದಕ್ಕೇ ಕೇಳಿದ ದಿನವೇ ಕೊಡಬೇಡಿ. ಎರಡು ಮೂರು ದಿನ ಬಿಟ್ಟು ಬರಲಿ. ಹಂದಿ ಕಾಟಕ್ಕೆ, ಆನೆ ಓಡಿಸಲಿಕ್ಕೆ ತೋಟೆ ಬೇಕಾದವರು ಮನೆಯಲ್ಲಿ ಒಂದಿಷ್ಟು ಇಟ್ಟುಕೊಂಡೇ ಇರುತ್ತಾರೆ.

ಇನ್ನೂ ಒಂದು ನಿಯಮ ಬೇಕು, ಇಲ್ಲಿ ಯಾರೂ ಹೇಳಿಲ್ಲ. ಮನೆಯ ಹೆಂಗಸು ನಿಮಗೆ ಫೋನ್ ಮಾಡಿ "ನಮ್ಮವರಿಗೆ ಸದ್ಯ ಕೊಡಬೇಡಿ" ಅಂದರೆ ಆ ಮಾತು ನಡೆಯಬೇಕು. ಯಾಕೆ ಎಂದು ಕೇಳಬಾರದು. ಅವಳು ಹೇಳಿದಳು ಎಂದು ಗಂಡನಿಗೆ ಗೊತ್ತಾಗಬಾರದು. ಎಷ್ಟೋ ಮನೆಗಳಲ್ಲಿ ಅವಳಿಗೆ ಠಾಣೆಗೆ ಹೋಗುವ ಧೈರ್ಯ ಇರುವುದಿಲ್ಲ, ಅಂಗಡಿಗೆ ಒಂದು ಮಾತು ಹೇಳುವ ಧೈರ್ಯ ಇರುತ್ತದೆ.

ಕೊನೆಗೆ, ಬೇಸರ ಮಾಡಿಕೊಳ್ಳಬೇಡಿ. ನಮ್ಮ ವಾರ್ಡಿಗೆ ಗುಂಡೇಟಿಗಿಂತ ಹೆಚ್ಚು ಬರುವುದು ವಿಷ ಕುಡಿದವರು. ಪ್ಯಾರಾಕ್ವಾಟ್ ಕಳೆನಾಶಕ ಒಳಗೆ ಹೋದರೆ ಅದಕ್ಕೆ ಮದ್ದೇ ಇಲ್ಲ. ರೋಗಿಗೆ ಪ್ರಜ್ಞೆ ಇರುತ್ತದೆ, ಮಾತಾಡುತ್ತಾರೆ, ಬದುಕಿಸಿ ಎಂದು ಕೈ ಹಿಡಿಯುತ್ತಾರೆ, ದಿನದಿಂದ ದಿನಕ್ಕೆ ಶ್ವಾಸಕೋಶ ಕಟ್ಟಿಕೊಳ್ಳುತ್ತದೆ. ಶ್ರೀಲಂಕಾ ಅದನ್ನೂ ಅಂಥ ಬೇರೆ ಕೆಲವು ವಿಷಗಳನ್ನೂ ನಿಷೇಧಿಸಿದ ಮೇಲೆ ಅಲ್ಲಿ ಆತ್ಮಹತ್ಯೆಯಿಂದ ಸಾಯುವವರು ಕಡಿಮೆಯಾದರು. ಹಿಂದಿನ ಕೋಣೆಗೆ ಕಬ್ಬಿಣದ ಬಾಗಿಲಿದೆ ಎಂದಿರಿ. ಆ ಡಬ್ಬಿಗಳು ಮುಂದಿನ ಶೆಲ್ಫಿನಲ್ಲಿ ಕೈಗೆಟುಕುವ ಹಾಗೆ ಇವೆಯಲ್ಲವಾ?

---

ಗೋಣಿಕೊಪ್ಪ_ಅಂಗಡಿ ಉತ್ತರಿಸಿದ್ದು:

ಎಲ್ಲರಿಗೂ ಕೃತಜ್ಞತೆ. ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ಸಿಸ್ಟರ್ ಬರೆದದ್ದನ್ನು ಎರಡನೇ ಸಲ ಓದು ಎಂದರು.

ಸಿಸ್ಟರ್, ನೀವು ಹೇಳಿದ್ದು ನಿಜ, ಡಬ್ಬಿಗಳು ಮುಂದಿನ ಶೆಲ್ಫಿನಲ್ಲೇ ಇದ್ದವು. ಪ್ಯಾರಾಕ್ವಾಟ್ ಇನ್ನು ತರಿಸುವುದಿಲ್ಲ. ಅದರಲ್ಲಿ ಬರುವ ಲಾಭ ನನಗೆ ಬೇಡ. ಕಾಫಿ ಗಿಡದ ಬುಡಕ್ಕೆ ಕಳೆ ಕೊಚ್ಚುವ ಮೆಷಿನ್ ಬಾಡಿಗೆಗೆ ಇಡುತ್ತೇನೆ. ಉಳಿದ ಔಷಧಿಗಳು ಗಲ್ಲಾದ ಹಿಂದೆ, ಗಾಜಿನ ಬಾಗಿಲೊಳಗೆ ಹೋಗಿವೆ. ಇದು ನನ್ನ ಪ್ರಶ್ನೆಯಲ್ಲಿ ಇರಲಿಲ್ಲ, ಆದರೆ ಕೋವಿಯ ತೋಟೆ ಬಗ್ಗೆ ಇಷ್ಟು ಯೋಚಿಸಿ ಇದನ್ನು ಬಿಡಲಾಗುವುದಿಲ್ಲ.

ಲೈಸೆನ್ಸಿಗೆ ಅರ್ಜಿ ಹಾಕುತ್ತೇನೆ. ಸುಬೇದಾರ್ ಸರ್ ಹೇಳಿದ ನಾಡಕೋವಿಯ ಮಾತು ಸರಿ. ರಿಜಿಸ್ಟರ್ ಇರುವ ಅಂಗಡಿ ಮುಚ್ಚಿದರೆ ರಿಜಿಸ್ಟರ್ ಇಲ್ಲದವನಿಗೆ ವ್ಯಾಪಾರ. ಆದರೆ ಸರ್, ಮೈಸೂರಿಗೆ ಹೋಗಿ ತರುತ್ತಾನೆ ಎಂದಿರಲ್ಲ, ಹೋಗಲಿ. ಬಸ್ಸು ಹತ್ತಿ, ಹುಣಸೂರು ದಾಟಿ, ಅಷ್ಟು ದೂರ ಹೋಗಿ ಬರುವುದರೊಳಗೆ ಸಿಟ್ಟೂ ಕುಡಿತವೂ ಇಳಿಯಬಹುದು. ಸಿಸ್ಟರ್ ಹೇಳಿದ ಗಳಿಗೆ ದಾಟಲು ಅಷ್ಟು ಸಾಕು ಎಂದು ನನಗೆ ಅನ್ನಿಸುತ್ತದೆ. ಅಮೆರಿಕದ ಅಂಗಡಿಗಳು ನಿಲ್ಲಿಸಿದ್ದರಿಂದ ದೇಶದಲ್ಲಿ ಕೋವಿಯೇ ಸಿಗುವುದಿಲ್ಲ ಎಂದು ಆ ಮಾಲೀಕರೂ ತಿಳಿದಿರಲಿಲ್ಲ. ನಮ್ಮ ಕೌಂಟರಿನಿಂದ ಬೇಡ ಎಂದರು. ಒಬ್ಬ ಅಂಗಡಿಯವನ ಕೈಯಲ್ಲಿರುವುದೂ ತನ್ನ ಕೌಂಟರ್ ಒಂದೇ.

ನಾಪೋಕ್ಲು ತಂಗಿ ಹೇಳಿದ ಹಾಗೆ ಮಾಲಿನಲ್ಲೂ ಸ್ವಲ್ಪ ತೀರ್ಮಾನ ಮಾಡಿದ್ದೇನೆ. ದೊಡ್ಡ ಚರೆಯ ಎಲ್‌ಜಿ, ಎಸ್‌ಜಿ ತೋಟೆ ಇನ್ನು ತರಿಸುವುದಿಲ್ಲ. ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕಾಗಲೀ ಆಕಾಶಕ್ಕೆ ಹಾರಿಸುವುದಕ್ಕಾಗಲೀ ಅದು ಬೇಕಿಲ್ಲ. ಹಂದಿಗೆ ಬೇಕು ಅನ್ನುವವರು ಅರಣ್ಯ ಇಲಾಖೆಯ ಅನುಮತಿ ಪತ್ರ ತಂದರೆ ಆಗ ತರಿಸಿಕೊಡುತ್ತೇನೆ.

ಬೋರ್ಡು ಬರೆಸಲು ಕೊಟ್ಟದ್ದು ಹೀಗೆ. ವಕೀಲರೇ, ತಪ್ಪಿದ್ದರೆ ತಿದ್ದಿ:

"ತೋಟೆ ಬೇಕಾದವರು ಹೆಸರು ಬರೆಸಿ ಮೂರು ದಿನ ಬಿಟ್ಟು ಬನ್ನಿ. ಖಾಲಿ ತೋಟೆ ಎಷ್ಟು ತರುತ್ತೀರೋ ಹೊಸದು ಅಷ್ಟೇ. ಕುಡಿದು ಬಂದವರಿಗೆ ಇಲ್ಲ. ಕೊಡುವುದು ಬಿಡುವುದು ಅಂಗಡಿಯವರ ತೀರ್ಮಾನ, ಕಾರಣ ಹೇಳುವುದಿಲ್ಲ. ಸಂಬಂಧಿಕರಿಗೂ ಇದೇ ನಿಯಮ."

ಮನೆಯವರ ಫೋನಿನ ವಿಷಯ ಬೋರ್ಡಿನಲ್ಲಿಲ್ಲ, ಬೇಕೆಂದೇ ಬಿಟ್ಟಿದ್ದೇನೆ. ಬರೆದರೆ ಗಂಡನಿಗೆ ಅನುಮಾನ ಬರುತ್ತದೆ. ಆ ಕೆಲಸವನ್ನು ನನ್ನ ಹೆಂಡತಿ ವಹಿಸಿಕೊಂಡಿದ್ದಾಳೆ. ಮಹಿಳಾ ಸಂಘದಲ್ಲಿ ಅವಳ ನಂಬರ್ ಎಲ್ಲರ ಹತ್ತಿರ ಇದೆ, ಹೇಳಬೇಕಾದವರು ಅವಳಿಗೇ ಹೇಳಲಿ. "ಕಾರಣ ಹೇಳುವುದಿಲ್ಲ" ಎನ್ನುವ ಮಾತು ಹಾಕಿದ್ದೇ ಅವರನ್ನು ಕಾಪಾಡುವುದಕ್ಕೆ.

ಸಾವಿನ ಮನೆಗೆ ಮೂರು ದಿನದ ಮಾತಿಲ್ಲ ಸರ್. ರಾತ್ರಿ ಎಷ್ಟು ಹೊತ್ತಾದರೂ ಬಾಗಿಲು ತೆಗೆಯುತ್ತೇನೆ. ಅವರ ತೋಟೆ ಲೆಕ್ಕದ ಪುಸ್ತಕದಲ್ಲಿ ನಮೂದಿಸಿ ಎರಡೇ ತೋಟೆ ಕೊಡುತ್ತೇನೆ, ಮಣ್ಣಿಗೆ ಹೋದಾಗ ಖಾಲಿ ಕೇಸು ವಾಪಸ್ ತರುತ್ತೇನೆ. ಹೇಗೂ ಹೋಗಲೇಬೇಕಲ್ಲ.

---

ವಿರಾಜಪೇಟೆ_ವಕೀಲೆ ಉತ್ತರಿಸಿದ್ದು:

ಬೋರ್ಡಿನ ಕೊನೆಗೆ "21 ವರ್ಷ ತುಂಬದವರಿಗೆ ಇಲ್ಲ" ಸೇರಿಸಿ. ಅಪ್ಪನ ಪತ್ರ ಹಿಡಿದು ಮಗ ಬರುವುದು ನಮ್ಮಲ್ಲಿ ಮಾಮೂಲು. ಪತ್ರ ಯಾರ ಹೆಸರಲ್ಲಿದೆಯೋ ಅವರೇ ಬರಬೇಕು ಎಂದೂ ಬರೆಸಿ. ಉಳಿದದ್ದು ಸರಿಯಾಗಿದೆ.

---

ಸುಬೇದಾರ್_ಮೂರ್ನಾಡು ಉತ್ತರಿಸಿದ್ದು:

ಎಲ್‌ಜಿ ವಿಷಯದಲ್ಲಿ ನನಗೆ ಈಗಲೂ ಭಿನ್ನಾಭಿಪ್ರಾಯವಿದೆ. ಅನುಮತಿ ಪತ್ರಕ್ಕೆ ಕಚೇರಿ ಸುತ್ತುವಷ್ಟರಲ್ಲಿ ಹಂದಿ ಗೆಣಸಿನ ಪಾತಿಯನ್ನೇ ಮುಗಿಸಿರುತ್ತದೆ. ಸಣ್ಣ ಹಿಡುವಳಿಯವನ ಹೊಟ್ಟೆಯ ಪ್ರಶ್ನೆ ಅದು. ಆದರೆ ಅಂಗಡಿ ನಿಮ್ಮದು, ಸಾವಿನ ಮನೆಯ ಮಾತು ಹೇಳಿದ ಮೇಲೆ ನಾನು ಜಗಳ ಆಡುವುದಿಲ್ಲ.

ಕೈಲ್‌ಪೊಳ್ದ್ ಪಂದ್ಯಕ್ಕೆ ಏನು ಮಾಡುತ್ತೀರಿ? ಆಗ ಖಾಲಿ ಕೇಸು ತಂದು ಬದಲಿಸಿಕೊಳ್ಳಿ ಅಂದರೆ ಯಾರ ಹತ್ತಿರ ಅಷ್ಟು ಇರುತ್ತದೆ?

---

ಗೋಣಿಕೊಪ್ಪ_ಅಂಗಡಿ ಉತ್ತರಿಸಿದ್ದು:

ಪಂದ್ಯ ನಡೆಸುವ ಸಮಿತಿಯವರು ಆಗಸ್ಟ್ 20ರೊಳಗೆ ಹೆಸರಿನ ಪಟ್ಟಿ ಕೊಡಲಿ ಸರ್. ಒಬ್ಬೊಬ್ಬರ ಪುಸ್ತಕಕ್ಕೂ ಪಂದ್ಯಕ್ಕೆ ಬೇಕಾದಷ್ಟು ಬರೆದು ಕೊಡುತ್ತೇನೆ. ಪಂದ್ಯದ ದಿನ ಮೈದಾನದಲ್ಲಿ ಖಾಲಿ ಕೇಸು ಎಣಿಸಿ ತೆಗೆದುಕೊಳ್ಳಲು ಒಬ್ಬರು ಬೇಕು. ರೇಂಜಿನ ಅಭ್ಯಾಸ ಇರುವವರು ನೀವು, ಆ ಕೆಲಸ ನೀವೇ ವಹಿಸಿಕೊಳ್ಳುವಿರಾ?